63 ಪುಟದ ಫೈಲು: ನಮ್ಮ ಎಂಆರ್‌ಡಿಯ ಒಂದು ಕೇಸು

ಗುರುವಾರ ಮಧ್ಯಾಹ್ನ ಊಟದ ಹೊತ್ತಲ್ಲಿ ಒಬ್ಬ ಹುಡುಗ ನಮ್ಮ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ (ಎಂಆರ್‌ಡಿ) ಕೌಂಟರ್‌ಗೆ ಬಂದಿದ್ದ. ವಯಸ್ಸು 27-28 ಇರಬಹುದು, ಕೈಲಿ ಬಟ್ಟೆ ಅಂಗಡಿ ಕವರ್, ಅದರೊಳಗೆ ಅವನ ಅಕ್ಕನ ಡಿಸ್ಚಾರ್ಜ್ ಸಮ್ಮರಿ. ಅಕ್ಕಂಗೆ ನಮ್ಮಲ್ಲೇ ಆಪರೇಷನ್ ಆಗಿದೆ, ಪೂರ್ತಿ ಫೈಲ್ ಬೇಕಿತ್ತು ಅಂದ. ಕೌಂಟರ್ ಹುಡುಗಿ "ಪೇಷಂಟೇ ಬರ್ಬೇಕು" ಅಂದ್ಲು. ಅವನು ವಾಪಸ್ ಹೋದ. ಇದನ್ನ ನಾನು ಕಣ್ಣಾರೆ ನೋಡಿದ್ದಲ್ಲ, ಆಮೇಲೆ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳಿ ತಿಳ್ಕೊಂಡಿದ್ದು, ಯಾಕಂದ್ರೆ ಅವನು ಬಂದಿದ್ದ ಅನ್ನೋದೇ ನಮ್ಮಲ್ಲಿ ಎಲ್ಲೂ ಬರ್ದಿಲ್ಲ.

ಸೋಮವಾರ ಮತ್ತೆ ಬಂದ. ಈ ಸಲ ಅಕ್ಕನ ಕೈಲಿ ಲೆಟರ್ ಬರೆಸ್ಕೊಂಡು, ಅವರ ಆಧಾರ್ ಜೆರಾಕ್ಸ್, ತನ್ನ ಆಧಾರ್ ಜೆರಾಕ್ಸ್ ಎಲ್ಲಾ ಪಿನ್ ಮಾಡ್ಕೊಂಡು ಬಂದಿದ್ದ. ಕೌಂಟರ್‌ನಲ್ಲಿ ಬೇರೆಯವರಿದ್ರು. "ಡಾಕ್ಟರ್ ಪರ್ಮಿಷನ್ ತಗೊಂಡ್ ಬನ್ನಿ" ಅಂದ್ರು. ಡಾಕ್ಟರ್ ಓಟಿಲಿದ್ರು. ಸಂಜೆ ನಾಲ್ಕರವರೆಗೂ ಓಪಿಡಿ ಮುಂದೆ ಬೆಂಚ್ ಮೇಲೆ ಕೂತಿದ್ದು ಊರಿನ ಬಸ್ ತಪ್ಪುತ್ತೆ ಅಂತ ಎದ್ದು ಹೋದ. ಒಂದು ಸೈಡಿಗೆ 60 ಕಿಲೋಮೀಟರ್.

ಬುಧವಾರ ಮೂರನೇ ಸಲ. ಬಿಳಿ ಹಾಳೆ ಮೇಲೆ ಅರ್ಜಿ, ಎರಡು ಕಾಪಿ, ಒಂದರ ಮೇಲೆ ಸೀಲ್ ಹಾಕಿ ಡೇಟ್ ಹಾಕಿ ಕೊಡಿ ಅಂದಿದ್ದಾನೆ, ಯಾರೋ ತಿಳಿದವರು ಹೇಳ್ಕೊಟ್ಟಿದ್ದಾರೆ ಅಂತ ಗೊತ್ತಾಗೋ ಥರ. ಸೀಲ್ ಅಂದ ತಕ್ಷಣ ನಮ್ಮವರಿಗೆ ಕೈ ನಡುಗುತ್ತೆ. ಸೀಲ್ ಹಾಕೋಕೆ ನಮಗೆ ಪರ್ಮಿಷನ್ ಇಲ್ಲ ಅಂದ್ರು, ಅಲ್ಲಿಗೆ ಸುಮ್ನಿರದೆ ಆ ಒಂದು ಮಾತನ್ನೂ ಕೇಳಿಬಿಟ್ರು: "ಯಾಕೆ, ಕೇಸ್ ಹಾಕ್ತೀರಾ?"

"ಹಾಕಿರ್ಲಿಲ್ಲ. ಈಗ ಹಾಕ್ತೀನಿ. ಡಿಸಿ ಆಫೀಸ್‌ಗೂ ಹೋಗ್ತೀನಿ" ಅಂತ ಅವನು ಕೂಗಿದ್ದು ಒಳಗಡೆ ರ‍್ಯಾಕ್ ಮಧ್ಯ ನಿಂತಿದ್ದ ನನಗೆ ಕೇಳಿಸ್ತು, ಹೊರಗೆ ಬಂದೆ.

ನಾನು ಎಂಆರ್‌ಡಿ, ಅಂದ್ರೆ ಮೆಡಿಕಲ್ ರೆಕಾರ್ಡ್ಸ್ ನೋಡ್ಕೊಳ್ಳೋನು. ಸುಮಾರು 100 ಬೆಡ್‌ನ ಪ್ರೈವೇಟ್ ಆಸ್ಪತ್ರೆ, ತಾಲೂಕಿಗಿಂತ ದೊಡ್ಡದು ಜಿಲ್ಲೆಗಿಂತ ಚಿಕ್ಕದು ಅನ್ನೋ ಥರದ ಊರು, ಹೆಸರು ಬೇಡ. ಡಿಪಾರ್ಟ್‌ಮೆಂಟ್ ಅಂದ್ರೆ ನಾನು, ಒಬ್ಬ ಅಸಿಸ್ಟೆಂಟು, ಅರ್ಧ ದಿನ ಬಿಲ್ಲಿಂಗ್‌ನಿಂದ ಕಳಿಸೋ ಕೌಂಟರ್ ಹುಡುಗಿ. 12 ವರ್ಷದಲ್ಲಿ ಫೈಲ್ ಕೇಳ್ಕೊಂಡು ಬಂದವರನ್ನ ಬೇಕಾದಷ್ಟು ನೋಡಿದ್ದೀನಿ. ಬಹಳ ಜನ ಬರೋದು ಇನ್ಶೂರೆನ್ಸ್‌ಗೆ, ಬೆಂಗಳೂರಲ್ಲಿ ಇನ್ನೊಬ್ಬ ಡಾಕ್ಟರ್‌ಗೆ ತೋರಿಸೋಕೆ, ಆಫೀಸಲ್ಲಿ ಬಿಲ್ ರಿಯಂಬರ್ಸ್ ಮಾಡಿಸ್ಕೊಳ್ಳೋಕೆ. ಕೇಸ್ ಹಾಕೋರು ಅಲ್ಲೊಬ್ರು ಇಲ್ಲೊಬ್ರು. ಆದ್ರೂ ಕೌಂಟರ್‌ನಲ್ಲಿ ಎಲ್ಲರನ್ನೂ ನೋಡೋದು ಕೋರ್ಟಿಂದ ಬಂದವರನ್ನ ನೋಡಿದ ಹಾಗೇ.

ಆ ಕೌಂಟರ್ ಹುಡುಗಿ ಮೇಲೆ ನನಗೇನೂ ಕೋಪ ಇಲ್ಲ. ಅದಕ್ಕೊಂದು ಹಿಂದಿನ ಕಥೆ ಇದೆ. ಎರಡು ವರ್ಷದ ಹಿಂದೆ ಒಬ್ಬ ಗಂಡ, ಹೆಂಡ್ತಿ ಜೊತೆ ಜಗಳ ಆಗಿ ಬೇರೆ ಇದ್ದೋನು, ಹೆಂಡ್ತಿಯ ಫೈಲ್ ಕೇಳ್ಕೊಂಡು ಬಂದಿದ್ದ, ಅದು ಅಬಾರ್ಷನ್ ಫೈಲು. ಈಕೆ ಪಾಪ ಗಂಡ ತಾನೆ ಅಂತ ಇನ್ನೇನು ಕೊಡೋದರಲ್ಲಿದ್ಲು. ಎಂಟಿಪಿ, ಅಂದ್ರೆ ಅಬಾರ್ಷನ್ ಕಾನೂನಿನ ಪ್ರಕಾರ ಅದರ ಅಡ್ಮಿಷನ್ ರಿಜಿಸ್ಟರೇ ಗುಟ್ಟಿನ ದಾಖಲೆ, ಗಂಡ ಅಂತಲೂ ಇಲ್ಲ ಮಾವ ಅಂತಲೂ ಇಲ್ಲ. ನಾನು ನೋಡಿ ತಡೆದೆ, ಸೂಪರಿಂಟೆಂಡೆಂಟ್ ಈಕೆಗೆ ಎಲ್ಲರ ಎದುರು ಬೈದ್ರು. ಅವತ್ತಿಂದ ಯಾರು ಬಂದ್ರೂ "ಪೇಷಂಟೇ ಬರ್ಬೇಕು". ಒಂದು ಫೈಲಿನ ಭಯ ಎಲ್ಲಾ ಫೈಲಿಗೂ ಅಂಟ್ಕೊಳ್ತು. ತಪ್ಪು ನಮ್ಮದೇ, ಬೈದ್ವಿ ಹೊರತು ಯಾರಿಗೆ ಕೊಡಬಹುದು ಯಾರಿಗೆ ಕೊಡಬಾರದು ಅಂತ ಕೂತು ಹೇಳ್ಕೊಡಲಿಲ್ಲ. 2002ರ ಮೆಡಿಕಲ್ ಕೌನ್ಸಿಲ್ ನಿಯಮದಲ್ಲಿ ರೋಗಿ ಅಥವಾ ರೋಗಿ ಒಪ್ಪಿಗೆ ಕೊಟ್ಟ ಅಟೆಂಡೆಂಟ್ ಕೇಳಿದ್ರೂ ಕೊಡಬೇಕು ಅಂತಾನೇ ಇದೆ. ಗುರುವಾರ ಅವನಿಗೆ "ಅಕ್ಕನ ಸಹಿ ಇರೋ ಲೆಟರ್ ತನ್ನಿ, ಅವರ ನಂಬರ್ ಕೊಡಿ ಫೋನ್ ಮಾಡಿ ಕೇಳ್ತೀವಿ" ಅಂದಿದ್ರೆ ಸೋಮವಾರನೇ ಕೆಲಸ ಮುಗೀತಿತ್ತು.

ಸರಿ, ಹುಡುಗನ್ನ ಒಳಗೆ ಕರ್ಕೊಂಡು ಬಂದು ಕೂರಿಸ್ದೆ. ಅರ್ಜಿ ತಗೊಂಡು ಸೀಲ್ ಹಾಕಿ, ಡೇಟ್ ಮಾತ್ರ ಅಲ್ಲ ಟೈಮೂ ಹಾಕಿ, 11.40, ಒಂದು ಕಾಪಿ ಅವನ ಕೈಗೆ ಕೊಟ್ಟೆ. ಅದೇ ನಿಯಮದಲ್ಲಿ ಅರ್ಜಿಗೆ ಸ್ವೀಕೃತಿ ಕೊಡಬೇಕು, 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತಿದೆ, ಗಂಟೆ ಲೆಕ್ಕ ಅಂದಮೇಲೆ ಟೈಮ್ ಬೇಕಲ್ಲ. ಅಷ್ಟಕ್ಕೇ ಅವನು ಅರ್ಧ ತಣ್ಣಗಾದ. ಯಾತಕ್ಕೆ ಬೇಕಿತ್ತು ಅಂತ ಕೇಳ್ದೆ (ಯಾತಕ್ಕೆ ಅಂತ ಹೇಳ್ಲೇಬೇಕು ಅಂತ ರೂಲೇನಿಲ್ಲ, ಆದ್ರೆ ಯಾವ ಕಾಗದ ಮೊದಲು ಬೇಕು ಅಂತ ಗೊತ್ತಾದ್ರೆ ಅವರಿಗೇ ಅನುಕೂಲ). ಅಕ್ಕಂಗೆ ಕತ್ತಲ್ಲಿ ಮತ್ತೆ ಗಂಟು ಬಂದಿದೆ ಸಾರ್, ನಮ್ಮೂರ ಹತ್ರ ಡಾಕ್ಟ್ರಿಗೆ ತೋರಿಸಿದ್ವಿ, ಹಳೇ ಆಪರೇಷನ್‌ದು ಬಯಾಪ್ಸಿ ರಿಪೋರ್ಟ್ ಎಲ್ಲಿ ಅಂತ ಕೇಳಿದ್ರು, ನಮ್ಮತ್ರ ಇಲ್ಲ, ಇದರಲ್ಲಿ ಏನೋ ಬರ್ದಿದೆ ನೋಡಿ ಅಂತ ಸಮ್ಮರಿ ತೋರಿಸ್ದ. ಕೊನೇಲಿ ಇಂಗ್ಲಿಷ್‌ನಲ್ಲಿ ಒಂದು ಲೈನು: ಎಚ್‌ಪಿಇ ರಿಪೋರ್ಟ್ ಅವೇಟೆಡ್. ಅಂದ್ರೆ ತೆಗೆದ ಗಡ್ಡೆಯನ್ನ ಲ್ಯಾಬ್‌ಗೆ ಕಳಿಸಿದೀವಿ, ರಿಪೋರ್ಟ್ ಇನ್ನೂ ಬಂದಿಲ್ಲ. ಅದರ ಕೆಳಗೆ ರಿವ್ಯೂ ಆಫ್ಟರ್ ಒನ್ ವೀಕ್. ಅಷ್ಟೇ.

ಆಪರೇಷನ್ ಆಗಿದ್ದು 2023ರ ಫೆಬ್ರವರೀಲಿ, ಇವನು ನನ್ನ ಮುಂದೆ ಕೂತಿದ್ದು 2024ರ ಏಪ್ರಿಲ್. 14 ತಿಂಗಳು.

ಐಪಿ ನಂಬರ್ (ಒಳರೋಗಿ ನಂಬರ್) ಹಾಕಿ ನೋಡ್ದೆ, ರ‍್ಯಾಕ್‌ನಲ್ಲಿ ಫೈಲ್ ಸಿಕ್ತು, ಅದು ಇದ್ದ ಜಾಗದಲ್ಲಿ ಫೈಲ್ ಹೊರಗೆ ಹೋಗಿದೆ ಅಂತ ತೋರಿಸೋ ಟ್ರೇಸರ್ ಕಾರ್ಡ್ ಇಟ್ಟೆ. ಹಸಿರು ಟ್ಯಾಗ್ ಬಿಚ್ಚಿದ್ರೆ ಕಟ್ಟಕಡೇಲಿ ಲ್ಯಾಬಿನ ಕಂದು ಕವರ್ರು, ಫೈಲಿಗೆ ಸ್ಟೇಪ್ಲರ್ ಹೊಡೆದಿದ್ರು. ಕವರಿನ ಬಾಯಿ ಗೋಂದು ಹಾಕಿದ್ದು ಹಾಗೇ ಇತ್ತು. ಯಾರೂ ಬಿಚ್ಚಿಲ್ಲ. ಡಿಸ್ಚಾರ್ಜ್ ಆಗಿ 9 ದಿನಕ್ಕೆ ಬಂದ ರಿಪೋರ್ಟು, ವಾರ್ಡ್‌ಗೆ ಹೋಗಿ, ಪೇಷಂಟ್ ಇಲ್ಲ ಅಂತ ಎಂಆರ್‌ಡಿಗೆ ಬಂದು, ನಮ್ಮವರೇ ಫೈಲ್ ನಂಬರ್ ನೋಡಿ ಸ್ಟೇಪಲ್ ಮಾಡಿ ರ‍್ಯಾಕ್‌ಗೆ ಹಾಕಿದ್ದಾರೆ. ಬಹುಶಃ ನಾನೇ ಹಾಕಿರ್ತೀನಿ. ಬಿಚ್ಚಿ ಓದಿದೆ. ಪ್ಯಾಪಿಲರಿ ಕಾರ್ಸಿನೋಮ, ಥೈರಾಯ್ಡ್.

ಆಪರೇಷನ್‌ಗೆ ಮುಂಚೆ ಸೂಜಿ ಟೆಸ್ಟ್ ಮಾಡಿದ್ರು, ಎಫ್‌ಎನ್‌ಎಸಿ, ಅದರಲ್ಲಿ ಮಾಮೂಲಿ ಗಡ್ಡೆ ಅಂತಲೇ ಬಂದಿತ್ತು, ಹಾಗಾಗಿ ಅರ್ಧ ಥೈರಾಯ್ಡ್ ಮಾತ್ರ ತೆಗೆದಿದ್ರು. ಸೂಜೀಲಿ ಬರೋದು ನಾಲ್ಕು ಹನಿ, ಪೂರ್ತಿ ಗಡ್ಡೆ ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಬೇರೆ ಕಾಣೋದು ಉಂಟು, ಅದು ಯಾರ ತಪ್ಪೂ ಅಲ್ಲ. ಈ ಜಾತಿ ಕ್ಯಾನ್ಸರ್ ನಿಧಾನದ್ದು, ಬಹುತೇಕ ಜನ ವಾಸಿಯಾಗ್ತಾರೆ. ಆದ್ರೆ ವಾಸಿ ಆಗೋದಕ್ಕೆ ಮೊದಲು ಇದೆ ಅಂತ ಗೊತ್ತಾಗ್ಬೇಕು. ಸ್ಟಿಚ್ ಬಿಚ್ಚೋಕೆ ಇಷ್ಟು ದೂರ ಯಾಕೆ ಅಂತ ಆಯಮ್ಮ ಊರ ಹತ್ರ ಪಿಎಚ್‌ಸೀಲೇ ಬಿಚ್ಚಿಸಿಕೊಂಡಿದ್ರು, ನಮ್ಮಲ್ಲಿಗೆ ಬರ್ಲೇ ಇಲ್ಲ.

ಇಲ್ಲಿಂದ ಮುಂದೆ ನಾನು ಏನು ಮಾಡಿದೆ ಅನ್ನೋದೇ ಈ ಕೇಸಿನ ಮುಖ್ಯ ಭಾಗ, ಬೇರೆ ಆಸ್ಪತ್ರೆ ಎಂಆರ್‌ಡಿಯವರು ಓದ್ತಿದ್ರೆ ಇದೊಂದು ನೋಡ್ಕೊಳ್ಳಿ. ಮೇಲಿನವರು ಯಾರಿಗೂ ಆಗಲೇ ಫೋನ್ ಮಾಡಲಿಲ್ಲ. ಮೊದಲು ಕೆಂಪು ಪೆನ್ ತಗೊಂಡು ಫೇಸ್ ಶೀಟಿಂದ (ರೋಗಿ ವಿವರ ಇರೋ ಮೊದಲ ಹಾಳೆ) ಶುರು ಮಾಡಿ ಪ್ರತಿ ಹಾಳೆ ಬಲಗಡೆ ಮೂಲೇಲಿ ನಂಬರ್ ಹಾಕ್ದೆ. ಅಡ್ಮಿಷನ್ ಫಾರಂ, ಕನ್ಸೆಂಟ್, ಡಾಕ್ಟರ್ ನೋಟ್ಸ್, ನರ್ಸಸ್ ನೋಟ್ಸ್, ಜ್ವರ, ನಾಡಿ, ಉಸಿರಿನ ಲೆಕ್ಕದ ಟಿಪಿಆರ್ ಚಾರ್ಟ್, ಅನಸ್ತೇಷಿಯಾ ಶೀಟ್, ಓಟಿ ನೋಟ್ಸ್, ಡ್ರಗ್ ಚಾರ್ಟ್, ನಮ್ಮ ಆಫೀಸ್ ಕಾಪಿ ಡಿಸ್ಚಾರ್ಜ್ ಸಮ್ಮರಿ, ಕೊನೇದು ಲ್ಯಾಬ್ ರಿಪೋರ್ಟು. 63 ಬಂತು. ಪೂರ್ತಿ ಸ್ಕ್ಯಾನ್ ಮಾಡ್ದೆ. ಒಟ್ಟು ಪುಟ 63 ಅಂತ ಅರ್ಜಿ ಮೇಲೇ ಬರ್ದು ನಾನು ಸಹಿ ಹಾಕಿ, ಆ ಹುಡುಗನ ಸಹಿಯನ್ನೂ ತಗೊಂಡೆ. ರಿಪೋರ್ಟಲ್ಲಿ ಏನಿದೆ ಅಂತ ಅವನಿಗೆ ಹೇಳಲಿಲ್ಲ. ರಿಪೋರ್ಟ್ ಸಿಕ್ಕಿದೆ, ಡಾಕ್ಟ್ರು ಅಕ್ಕನ ಹತ್ರನೇ ಮಾತಾಡಬೇಕು, ಶುಕ್ರವಾರ ಕರ್ಕೊಂಡು ಬಾಪ್ಪ ಅಂದೆ. ಮುಖ ನೋಡ್ದ. ಅರ್ಥ ಆಗಿತ್ತು ಅನ್ಸುತ್ತೆ, ಏನೂ ಕೇಳಲಿಲ್ಲ. ಅವನ ಮೊಬೈಲಿಂದಲೇ ಅವರಿಗೆ ಫೋನ್ ಹಚ್ಚಿಸಿ, "ಅಮ್ಮಾ, ತಮ್ಮನ ಕೈಲಿ ಫೈಲ್ ಕೊಡೋಕೆ ನಿಮ್ಮ ಒಪ್ಪಿಗೆ ಇದೆಯಾ" ಅಂತ ಕೇಳ್ದೆ. ಅವನಿಗೇ ಕೊಡಿ ಸಾರ್, ನಂಗೆ ಓದೋಕೆ ಬರಲ್ಲ ಅಂದ್ರು.

ಪುಟದ ನಂಬರ್ ಮೊದಲು, ಮೇಲಿನವರಿಗೆ ಫೋನ್ ಆಮೇಲೆ ಯಾಕೆ ಅಂದ್ರೆ, ಅರ್ಜಿ ಬಂತು ಅಂತ ಗೊತ್ತಾದ ಮೇಲೆ ಫೈಲು "ಒಂದ್ ನಿಮಿಷ ನೋಡಿ ಕೊಡ್ತೀವಿ" ಅಂತ ಮೇಲೆ ಹೋಗುತ್ತೆ. ಹೋದ ಫೈಲು ವಾಪಸ್ ಬರೋವಾಗ ಕೆಲವೊಮ್ಮೆ ಸ್ವಲ್ಪ ದಪ್ಪ ಆಗಿರುತ್ತೆ, ಕೆಲವೊಮ್ಮೆ ಸ್ವಲ್ಪ ತೆಳ್ಳಗೆ.

ಮಧ್ಯಾಹ್ನ ಮೀಟಿಂಗ್. ಸರ್ಜನ್, ಸೂಪರಿಂಟೆಂಡೆಂಟ್, ಆಡಳಿತದವರ ಪರವಾಗಿ ಒಬ್ರು, ಲೀಗಲ್ ಅಡ್ವೈಸರ್ ಫೋನಲ್ಲಿ. ಮೊದಲ ಮಾತು ಬಂದಿದ್ದೇ "ಬರೀ ಸಮ್ಮರಿ, ಲ್ಯಾಬ್ ರಿಪೋರ್ಟ್ ಕೊಟ್ಟು ಕಳಿಸಿ, ಉಳಿದಿದ್ದು ಇಂಟರ್ನಲ್" ಅಂತ. ಇದು ಎಲ್ಲಾ ಕಡೆ ನಡೆಯೋದೇ, ನರ್ಸಸ್ ನೋಟ್ಸ್, ಪ್ರೋಗ್ರೆಸ್ ನೋಟ್ಸ್ ಯಾರೂ ಕೊಡಲ್ಲ. ಆದ್ರೆ ಮಾನವ ಹಕ್ಕು ಆಯೋಗ 2018ರಲ್ಲಿ ತಯಾರಿಸಿದ ರೋಗಿಗಳ ಹಕ್ಕುಗಳ ಚಾರ್ಟರ್‌ನಲ್ಲಿ ಒಳರೋಗಿಯ ದಾಖಲೆ (ಇನ್‌ಡೋರ್ ಪೇಪರ್) ಅಂತ ಬಿಡಿಸಿ ಬರ್ದಿದ್ದಾರೆ, ಅಡ್ಮಿಟ್ ಆಗಿರುವಾಗ ಆದಷ್ಟು 24 ಗಂಟೇಲಿ, ಡಿಸ್ಚಾರ್ಜ್ ಆದಮೇಲೆ 72 ಗಂಟೇಲಿ. ಲೀಗಲ್ ಅಡ್ವೈಸರ್ ಫೈಲ್ ಆಸ್ಪತ್ರೆ ಪ್ರಾಪರ್ಟಿ ಅಂದ್ರು. ಅರ್ಧ ನಿಜ. ಕೇಂದ್ರ ಆರೋಗ್ಯ ಇಲಾಖೆಯವರ 2016ರ ಇಹೆಚ್‌ಆರ್ (ಎಲೆಕ್ಟ್ರಾನಿಕ್ ಹೆಲ್ತ್ ರೆಕಾರ್ಡ್) ಸ್ಟಾಂಡರ್ಡ್ಸ್‌ನಲ್ಲಿ ಇರೋದು ಏನಂದ್ರೆ ಹಾಳೆ, ಹಾರ್ಡ್ ಡಿಸ್ಕ್ ಆಸ್ಪತ್ರೆದು, ಅದರೊಳಗಿನ ಮಾಹಿತಿ ರೋಗೀದು, ನಾವು ನಂಬಿಕೆ ಮೇಲೆ ಇಟ್ಕೊಂಡಿರೋರು ಅಷ್ಟೇ. ಅದಕ್ಕೇ ಒರಿಜಿನಲ್ ನಮ್ಮತ್ರ ಉಳಿಯುತ್ತೆ, ಟ್ರೂ ಕಾಪಿ ಅವರಿಗೆ ಹೋಗುತ್ತೆ. ಕಾನ್ಫಿಡೆನ್ಷಿಯಲ್ ಅನ್ನೋ ಮಾತೂ ಬಂತು. ರೋಗಿಯ ಗುಟ್ಟನ್ನ ರೋಗಿಯಿಂದಲೇ ಮುಚ್ಚಿಡೋದು ಯಾವ ನ್ಯಾಯ ಸ್ವಾಮಿ, 1996ರಲ್ಲೇ ಬಾಂಬೆ ಹೈಕೋರ್ಟ್ ಈ ನೆಪ ನಡೆಯಲ್ಲ ಅಂತ ಹೇಳಿಯಾಗಿದೆ.

ಆಮೇಲೆ ಟೈಮಿನ ಲೆಕ್ಕ. ಹೊಸ ರೂಲ್ ಪ್ರಕಾರ 5 ವರ್ಕಿಂಗ್ ಡೇಸ್ ಇದೆಯಲ್ಲ, ಆತುರ ಯಾಕೆ ಅಂದ್ರು ಫೋನಲ್ಲಿ. ಹೌದು, ನ್ಯಾಷನಲ್ ಮೆಡಿಕಲ್ ಕಮಿಷನ್ 2023ರ ಆಗಸ್ಟ್‌ನಲ್ಲಿ ತಂದ ನಿಯಮದಲ್ಲಿ 5 ಕೆಲಸದ ದಿನ ಅಂತಿತ್ತು, ಆದ್ರೆ ಅದನ್ನ ಅದೇ ತಿಂಗಳು 23ನೇ ತಾರೀಖು ತಡೆಹಿಡಿದು ಹಳೇ 2002ರದ್ದೇ ನಡೀಲಿ ಅಂದ್ರು. ಆ ಮೊದಲನೇ ಸುದ್ದಿ ವಾಟ್ಸಾಪಲ್ಲಿ ಎಲ್ಲರಿಗೂ ಬಂತು, ಎರಡನೇದು ಬರಲಿಲ್ಲ. ಇನ್ನೊಬ್ರು "ಫೈಲ್ ಸಿಕ್ತಿಲ್ಲ ಅಂದ್ರೆ?" ಅಂತ ಮೆಲ್ಲಗೆ ಕೇಳಿದ್ರು. ಒಳರೋಗಿ ದಾಖಲೆ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ಆಗಿರೋದು ಬರೀ 14 ತಿಂಗಳು, ಸಿಕ್ತಿಲ್ಲ ಅನ್ನೋದೇ ಒಂದು ಬೇರೆ ತಪ್ಪಾಗುತ್ತೆ. ಫೈಲ್ ಇಲ್ಲ ಅಂದ್ರೆ ಗ್ರಾಹಕ ಕೋರ್ಟಲ್ಲಿ ಇವರು ಏನೋ ಮುಚ್ಚಿಡ್ತಿದ್ದಾರೆ ಅಂತಲೇ ತಿಳ್ಕೊಳ್ಳೋದು. ಗ್ರಾಹಕ ಕಾಯ್ದೇಲಿ ದೂರಿಗೆ 2 ವರ್ಷ ಗಡುವು, 14 ಕಳೆದ್ರೆ 10 ತಿಂಗಳು ಅಂತ ಬೆರಳು ಮಡಚಿದವರೂ ಇದ್ರು. ಆ ಲೆಕ್ಕ ರೋಗಿಗೆ ಗೊತ್ತಾದ ದಿನದಿಂದ ಶುರು ಅಂತ ವಾದ ಮಾಡೋಕೆ ಜಾಗ ಇದೆ, ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಲ್ಲಿ ಅದನ್ನ ಚರ್ಚೆ ಮಾಡಿದೆ. ನಾನು ಲಾಯರ್ ಅಲ್ಲ, ಆದ್ರೆ ಕವರಿನ ಗೋಂದು ಹಾಗೇ ಇತ್ತು ಅನ್ನೋದನ್ನ ಕೇಳಿದ ಯಾವ ಜಡ್ಜೂ 10 ತಿಂಗಳ ಲೆಕ್ಕ ಹಾಕ್ತಾ ಕೂರಲ್ಲ.

ಕೊನೆಗೆ ಬಂತು ನಾನು ಕಾಯ್ತಿದ್ದ ಮಾತು. ಆಫೀಸ್ ಕಾಪಿ ಸಮ್ಮರಿ ತಿರುವಿ ಹಾಕ್ತಾ ಒಬ್ರು, ಯಾರು ಅಂತ ಬರೆಯಲ್ಲ, "ಇಲ್ಲಿ ರಿವ್ಯೂ ಆಫ್ಟರ್ ಒನ್ ವೀಕ್ ಅಂತಿದೆಯಲ್ಲ, ಮುಂದೆ ವಿತ್ ಎಚ್‌ಪಿಇ ರಿಪೋರ್ಟ್ ಅಂತ ಸೇರಿಸಿದ್ರೆ ಮುಗೀತಲ್ಲ, ಜಾಗನೂ ಇದೆ" ಅಂದ್ರು. ಜಾಗ ಇತ್ತು ನಿಜ. ಮೂರು ಪದ. ಅಷ್ಟು ಬರೆದ್ರೆ ನಾವು ಹೇಳಿದ್ವಿ, ಅವರೇ ಬರಲಿಲ್ಲ ಅಂತಾಗುತ್ತೆ.

ನಾನು ಅಂದೆ, ಸಾರ್ ಪೇಜ್ ನಂಬರ್ ಹಾಕಾಗಿದೆ, ಸ್ಕ್ಯಾನ್ ಆಗಿದೆ, ಸಮ್ಮರಿ ಒರಿಜಿನಲ್ ಅವರ ಕವರಲ್ಲಿದೆ, ಅದರಲ್ಲಿ ಈ ಮೂರು ಪದ ಇಲ್ಲ.

ಸ್ವಲ್ಪ ಹೊತ್ತು ಎಸಿ ಶಬ್ದ ಬಿಟ್ರೆ ಏನಿಲ್ಲ. ಸರ್ಜನ್ ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. ಎದ್ದು ನಿಂತು, "ನಾನೇ ಹೇಳ್ತೀನಿ ಅವರಿಗೆ. ಕರೆಸಿ" ಅಂದ್ರು. ಅವರ ಬಗ್ಗೆ ನನಗೆ ಮುಂಚೆ ಅಷ್ಟೇನು ಗೌರವ ಇರಲಿಲ್ಲ, ಫೈಲಲ್ಲಿ ಸಹಿ ಹಾಕೋಕೆ ಮೂರು ಸಲ ಓಡಾಡಿಸೋ ಆಸಾಮಿ. ಅವತ್ತು ಬಂತು. ಹೊಸದಾಗಿ ಏನಾದ್ರೂ ಬರೀಬೇಕು ಅನಿಸಿದ್ರೆ ಬರೀಬಹುದು, ಇವತ್ತಿನ ಡೇಟ್, ಇವತ್ತಿನ ಟೈಮ್ ಹಾಕಿ ಬೇರೆ ಹಾಳೇಲಿ, ಅದಕ್ಕೆ ಯಾರೂ ಬೇಡ ಅನ್ನಲ್ಲ ಅಂತ ಹೇಳ್ದೆ. ಬೇಡ ಅಂದ್ರು.

ಈ ಮಧ್ಯೆ ಒಂದು ಮಾತು ಹೇಳದೆ ಇರೋಕಾಗಲ್ಲ. ಇದೇ ಕೌಂಟರ್‌ಗೆ ಇನ್ಶೂರೆನ್ಸ್ ಕಂಪನಿ ಇನ್ವೆಸ್ಟಿಗೇಟರ್ ಬರ್ತಾನೆ, ಶರ್ಟ್ ಇನ್ ಮಾಡ್ಕೊಂಡು, ಕತ್ತಲ್ಲಿ ಐಡಿ ಕಾರ್ಡು, ಕ್ಲೇಮ್ ಫಾರಂನಲ್ಲಿ ರೋಗಿ ಹಾಕಿರೋ ಒಪ್ಪಿಗೆ ಸಹಿ ತೋರಿಸ್ತಾನೆ, ಹತ್ತು ನಿಮಿಷಕ್ಕೆ ಪೂರ್ತಿ ಇನ್‌ಡೋರ್ ಪೇಪರ್ ಕಾಪಿ ಸಿಗುತ್ತೆ, ಜೊತೆಗೆ ಟೀ. ಕ್ಲೇಮ್ ರಿಜೆಕ್ಟ್ ಮಾಡೋಕೆ ಕಾರಣ ಹುಡುಕ್ತಾ ಬಂದವನಿಗೆ! ಅದೇ ರೋಗಿಯ ಸಹಿ ಇರೋ ಲೆಟರ್ ತಂದ ತಮ್ಮನಿಗೆ ಬೆಂಚು. ಇದನ್ನ ನಾನೂ 12 ವರ್ಷ ನೋಡ್ಕೊಂಡೇ ಬಂದಿದ್ದೆ, ಈ ಕೇಸ್ ಆಗೋವರೆಗೂ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ.

ಶುಕ್ರವಾರ ಬೆಳಗ್ಗೆ ಅಕ್ಕ ತಮ್ಮ ಇಬ್ರೂ ಬಂದ್ರು. ಸರ್ಜನ್ ರೂಮಿನ ಬಾಗಿಲು ಹಾಕಿ, ಫೋನ್ ಸೈಲೆಂಟ್ ಮಾಡಿ, ರಿಪೋರ್ಟ್ ಮೇಜಿನ ಮೇಲಿಟ್ಟು, ಕನ್ನಡದಲ್ಲೇ ಬಿಡಿಸಿ ಹೇಳಿದ್ರು. ಗಡ್ಡೇಲಿ ಕ್ಯಾನ್ಸರ್ ಇತ್ತು, ಉಳಿದ ಅರ್ಧ ಥೈರಾಯ್ಡೂ ತೆಗೀಬೇಕಾಗಬಹುದು, ಕತ್ತಿನ ಗಂಟು ಪರೀಕ್ಷೆ ಆಗ್ಬೇಕು, ಬೆಂಗಳೂರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ವಾಸಿ ಆಗುತ್ತೆ. ಆಯಮ್ಮ ಎಲ್ಲಾ ಕೇಳಿ ಕೇಳಿದ್ದು ಒಂದೇ ಪ್ರಶ್ನೆ. "ಇದು ಹೋದ ವರ್ಷನೇ ಬಂದಿತ್ತಾ?"

"ಹೌದಮ್ಮ. ನಿಮಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ವಾರ್ಡಿಂದ ಫೋನ್ ಮಾಡಿದ್ದಾರಂತೆ, ಸಿಕ್ಕಿಲ್ಲ."

ಆಯಮ್ಮ ತಲೆ ಆಡಿಸಿದ್ರು. ಸೆರಗಿನ ತುದಿಯಲ್ಲಿ ಕತ್ತಿನ ಗಾಯದ ಗುರುತು ಮುಚ್ಕೊಂಡ್ರು. ತಮ್ಮ ಮಾತ್ರ ಸರ್ಜನ್ ಮುಖ ನೋಡ್ತಾನೇ ಇದ್ದ.

ಆಮೇಲೆ ನನ್ನ ರೂಮಲ್ಲಿ 63 ಪುಟ ಒಂದೊಂದಾಗಿ ಎಣಿಸಿ ಕೊಟ್ಟೆ, ಪ್ರತಿ ಪುಟಕ್ಕೂ ಟ್ರೂ ಕಾಪಿ ಸೀಲು. ಅಲ್ಟ್ರಾಸೌಂಡ್ ಫಿಲ್ಮ್ ಹಾಗೇ ಕೊಟ್ವಿ, ಅದು ಅವರದ್ದೇ, ಮುಂಚೆನೇ ಕೊಡಬೇಕಿತ್ತು. ನಮ್ಮಲ್ಲಿ ಫೈಲ್ ಚಾರ್ಜ್ ಅಂತ 500 ರೂಪಾಯಿ ತಗೊಳ್ಳೋ ಪದ್ಧತಿ ಇತ್ತು, ಯಾವ ರೂಲಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಜೆರಾಕ್ಸ್‌ಗೆ ತಕ್ಕ ದುಡ್ಡು ತಗೋಬಹುದು ಅಷ್ಟೇ, ಪುಟಕ್ಕೆ 2 ರೂಪಾಯಿ ಅಂತ 126 ಬಿಲ್ ಹಾಕಿಸ್ದೆ. ಈಗ ರಿಜಿಸ್ಟರ್ ನೋಡಿದ್ರೆ ಬುಧವಾರ 11.40ಕ್ಕೆ ಅರ್ಜಿ, ಶುಕ್ರವಾರ 12.15ಕ್ಕೆ ವಿಲೇವಾರಿ, ಎರಡು ದಿನದಲ್ಲಿ ಮುಗೀತು, ಫಸ್ಟ್ ಕ್ಲಾಸಲ್ಲಿ ಪಾಸು. ಇನ್‌ಸ್ಪೆಕ್ಷನ್‌ಗೆ ಬಂದವರು ಶಭಾಷ್ ಅಂತಾರೆ. ಗುರುವಾರ, ಸೋಮವಾರ ಎಲ್ಲೂ ಇಲ್ಲ.

ಕಾಗದ ಕೊಟ್ಟರೆ ಕೆಲಸ ಮುಗೀಲಿಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ ಅಂತ ಬರೀತಿದ್ದೀನಿ. ಕ್ಯಾನ್ಸರ್ ಆಸ್ಪತ್ರೇಲಿ ಬೇರೆ ಕಡೆ ರಿಪೋರ್ಟ್ ತಗೊಂಡ್ ಹೋದ್ರೆ ಅದನ್ನ ಹಾಗೇ ನಂಬಲ್ಲ, ಸ್ಲೈಡ್ ಮತ್ತು ಬ್ಲಾಕ್ ತನ್ನಿ ಅಂತಾರೆ. ಸ್ಲೈಡ್ ಅಂದ್ರೆ ಗಾಜಿನ ಪಟ್ಟಿ, ಬ್ಲಾಕ್ ಅಂದ್ರೆ ತೆಗೆದ ಗಡ್ಡೆಯ ಚೂರನ್ನ ಮೇಣದಲ್ಲಿ ಕೂರಿಸಿಟ್ಟಿರೋ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತುಂಡು, ಅದರಿಂದ ಹೊಸದಾಗಿ ಕತ್ತರಿಸಿ ಮತ್ತೆ ನೋಡ್ತಾರೆ. ಅವು ನಮ್ಮ ಹತ್ರ ಇರಲ್ಲ, ನಾವು ಕಳಿಸಿದ ಹೊರಗಿನ ಲ್ಯಾಬಲ್ಲಿ ಇರುತ್ತೆ, ಲ್ಯಾಬ್‌ನವರು ಆಸ್ಪತ್ರೆ ಲೆಟರ್ ಇಲ್ಲದೆ ರೋಗಿ ಕೈಗೆ ಕೊಡಲ್ಲ. ಕಿದ್ವಾಯಿ ಕೌಂಟರ್‌ವರೆಗೂ ಹೋಗಿ ಬ್ಲಾಕ್ ಇಲ್ಲ ಅಂತ ವಾಪಸ್ ಬಂದವರನ್ನ ನೋಡಿದ್ದೀನಿ, ಆ ಬಸ್ ಚಾರ್ಜ್ ಯಾರು ಕೊಡ್ತಾರೆ. ಹಾಗಾಗಿ ಅವತ್ತೇ ಲ್ಯಾಬ್‌ಗೆ ಲೆಟರ್ ಕಳಿಸಿದ್ವಿ, ನಾಲ್ಕು ದಿನಕ್ಕೆ ಎರಡು ಬ್ಲಾಕ್, ನಾಲ್ಕು ಸ್ಲೈಡ್ ಬಂತು, ಹತ್ತಿ ಸುತ್ತಿ ಸಣ್ಣ ಡಬ್ಬೀಲಿ ಹಾಕಿ, ಬಿಸಿಲಲ್ಲಿ ಇಡಬೇಡ ಮೇಣ ಕರಗುತ್ತೆ ಅಂತ ಹೇಳಿ ಕೊಟ್ಟೆ. ಮಿಕ್ಕಿದ್ದನ್ನ ವಾಪಸ್ ತಂದುಕೊಡಬೇಕು ಅಂತಲೂ ಬರೆಸ್ಕೊಂಡೆ. ಬ್ಲಾಕ್ ಕಳೆದ್ರೆ ಇನ್ನೊಂದು ಕಾಪಿ ಅಂತ ಇಲ್ಲ.

ಎರಡು ತಿಂಗಳಿಗೆ ಲಾಯರ್ ನೋಟಿಸ್ ಬಂತು. ಬರಬಾರದಿತ್ತು ಅಂತ ನಾನು ಹೇಳಲ್ಲ, ಅವರ ಜಾಗದಲ್ಲಿ ನಾನಿದ್ರೂ ಕಳಿಸ್ತಿದ್ದೆ. ಮೀಟಿಂಗ್‌ನಲ್ಲಿದ್ದ ಒಬ್ರು "ನೋಡ್ರಿ, ಫೈಲ್ ಕೊಟ್ಟಿದ್ದಕ್ಕೆ" ಅಂದ್ರು ನನ್ನ ಕಡೆ ತಿರುಗಿ. ಅದೇ ಲೀಗಲ್ ಅಡ್ವೈಸರ್ ಎರಡೂ ಕಡೆ ಪೇಪರ್ ಪಕ್ಕ ಪಕ್ಕ ಇಟ್ಟು ನೋಡಿ, ಒಂದು ಅಕ್ಷರ ಆಚೀಚೆ ಇಲ್ಲ, ಮಾತುಕತೆಗೆ ಕೂರಬಹುದು ಅಂದ್ರು. ಕೂತ್ರು. ಎಷ್ಟಕ್ಕೆ ಮುಗೀತು ಅಂತ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಕ್ಷಮೆ ಪತ್ರ ಕನ್ನಡದಲ್ಲೇ ಇರಬೇಕು ಅಂತ ಅವರು ಹಟ ಹಿಡಿದ್ರು ಅನ್ನೋದು ಮಾತ್ರ ಗೊತ್ತು, ಯಾಕಂದ್ರೆ ಟೈಪ್ ಮಾಡಿದ್ದು ನಾನು.

ಈಗ ನಮ್ಮಲ್ಲಿ ಬದಲಾಗಿರೋದು ಜಾಸ್ತಿ ಏನಿಲ್ಲ. ಕೌಂಟರ್‌ನಲ್ಲಿ ಒಂದು ಪುಟದ ಕನ್ನಡ ಫಾರಂ ಇದೆ, ಯಾರು ಬಂದ್ರೂ ಬಾಯಿಮಾತಲ್ಲಿ ವಾಪಸ್ ಕಳಿಸೋ ಹಾಗಿಲ್ಲ, ಮೊದಲು ಫಾರಂ, ಟೈಮ್ ಹಾಕಿದ ರಸೀದಿ, ಲೆಟರ್ ಇಲ್ಲ ಅಂದ್ರೆ ಏನು ತರಬೇಕು ಅಂತ ಅದರಲ್ಲೇ ಟಿಕ್ ಮಾಡಿ ಕೊಡೋದು. ಎಂಟಿಪಿ, ಎಚ್‌ಐವಿ ಫೈಲ್‌ಗೆ ಬೇರೆ ಬಣ್ಣದ ಸ್ಟಿಕ್ಕರ್ ಇರಬೇಕಾ ಅಂತ ಚರ್ಚೆ ಆಯ್ತು, ಬೇಡ ಅಂದೆ, ಸ್ಟಿಕ್ಕರ್ ನೋಡಿದವನಿಗೇ ಗುಟ್ಟು ಗೊತ್ತಾಗುತ್ತಲ್ಲ. ಅಂಥ ಫೈಲ್‌ಗಳ ಐಪಿ ನಂಬರ್ ಹಾಕಿದ್ರೆ ಕೌಂಟರ್ ಕಂಪ್ಯೂಟರಲ್ಲಿ ಎಂಆರ್‌ಡಿ ಇನ್‌ಚಾರ್ಜ್‌ಗೆ ಕಳಿಸಿ ಅಂತಷ್ಟೇ ಬರುತ್ತೆ. ಡಿಸ್ಚಾರ್ಜ್ ಸಮ್ಮರೀಲಿ "ಅವೇಟೆಡ್" ಅನ್ನೋ ಪದ ಇದ್ರೆ ಆ ಹೆಸರು ಒಂದು ನೋಟ್‌ಬುಕ್‌ಗೆ ಹೋಗುತ್ತೆ, ರಿಪೋರ್ಟ್ ಬಂದು ರೋಗಿಗೆ ತಲುಪೋವರೆಗೂ ಹೊಡೆದು ಹಾಕೋ ಹಾಗಿಲ್ಲ. ಸೋಮವಾರ ಸೋಮವಾರ ಅದನ್ನ ನಾನೇ ನೋಡ್ತೀನಿ. ಸೀಲ್ ಆಗಿರೋ ಯಾವ ಕವರನ್ನೂ ಬಿಚ್ಚದೆ ಫೈಲಿಗೆ ಸ್ಟೇಪಲ್ ಮಾಡಲ್ಲ.

ಆಯಮ್ಮಂಗೆ ಬೆಂಗಳೂರಲ್ಲಿ ಎರಡನೇ ಆಪರೇಷನ್ ಆಗಿ ಚೇತರಿಸ್ಕೊಂಡ್ರು, ದಿನಾ ಮಾತ್ರೆ ನುಂಗ್ತಾರೆ. ಅದಾದ ಮೇಲೆ ಒಂದಿನ ತಮ್ಮ ಮತ್ತೆ ಬಂದ, ಮಿಕ್ಕ ಬ್ಲಾಕ್ ವಾಪಸ್ ಕೊಡೋಕೆ. ಕೊಟ್ಟಾದ ಮೇಲೆ ಕವರಿಂದ ಆ 63 ಪುಟ ತೆಗೆದ. ಅವತ್ತು ಡಾಕ್ಟ್ರು ವಾರ್ಡಿಂದ ಫೋನ್ ಮಾಡಿದ್ರು ಅಂದ್ರಲ್ಲ ಸಾರ್, ಇದರಲ್ಲಿ ಎಲ್ಲೂ ಇಲ್ಲ, ಅದು ಎಲ್ಲಿ ಬರ್ದಿದೆ ಅಂತ ಕೇಳ್ದ.

ಅದು ಫೈಲಲ್ಲಿ ಇರಲಿಲ್ಲ, ವಾರ್ಡಿನ ಫೋನ್ ರಿಜಿಸ್ಟರಲ್ಲಿತ್ತು. ನಾನು ಮೀಟಿಂಗ್ ದಿನವೇ ನೋಡಿದ್ದೆ. ಆ ಪುಟದಲ್ಲಿ ಬೇರೆ ಹನ್ನೊಂದು ಜನ ರೋಗಿಗಳ ಹೆಸರು, ನಂಬರ್, ಯಾರಿಗೆ ಏನು ಅಂತೆಲ್ಲ ಇದೆ, ಹಾಗೇ ಕೊಡೋ ಹಾಗಿಲ್ಲ, ಆದ್ರೆ ಅವರದ್ದೊಂದು ಲೈನು ಅವರದ್ದೇ ತಾನೆ. ರಿಜಿಸ್ಟರ್ ತರಿಸಿ, ಬಿಳಿ ಹಾಳೆ ಪಟ್ಟಿ ಕತ್ತರಿಸಿ ಮೇಲೆ ಐದು ಸಾಲು ಕೆಳಗೆ ಆರು ಸಾಲು ಮುಚ್ಚಿ ಜೆರಾಕ್ಸ್ ಮಾಡ್ದೆ. ಪೆನ್ಸಿಲಲ್ಲಿ ಬರೆದಿದ್ದು, ಮಸಕಾಗಿ ಬಂತು, ಡಾರ್ಕ್ ಇಟ್ಟು ಇನ್ನೊಂದ್ಸಲ ಮಾಡ್ದೆ. ಹೆಸರು, ಗಂಡನ ಹಳೇ ನಂಬರು, ಪಕ್ಕದಲ್ಲಿ "ಸ್ವಿಚ್ ಆಫ್". ಒಂದೇ ಒಂದು ಸಲ.

ಅವನು ಆ ಹಾಳೆ ನೋಡ್ದ, ಆಮೇಲೆ ಕಟ್ಟಿನಿಂದ ಒಂದನೇ ಪುಟ ತೆಗೆದು ಪಕ್ಕದಲ್ಲಿಟ್ಟ. ಫೇಸ್ ಶೀಟು. ಅಡ್ಮಿಟ್ ಮಾಡಿದವರು ಅನ್ನೋ ಕಡೆ ಅವನದೇ ಕೈಬರಹ, ಅವನ ಹೆಸರು, ಅವನ ನಂಬರ್. "ಈ ನಂಬರ್ ಇವತ್ತಿಗೂ ಇದೇ ಸಾರ್" ಅಂದ.

ನನಗೆ ಹೇಳೋಕೆ ಏನೂ ಇರಲಿಲ್ಲ. ಸೀಲ್ ತಗೊಂಡೆ. ಅವನೇ ಅಂದ, ನಂಬರ್ ಹಾಕಿ ಕೊಡಿ ಸಾರ್, ಉಳಿದಿದ್ದಕ್ಕೆಲ್ಲ ಹಾಕಿದ್ದೀರಲ್ಲ. ಕೆಂಪು ಪೆನ್ನಲ್ಲಿ ಬಲಗಡೆ ಮೂಲೇಲಿ 64 ಅಂತ ಬರ್ದು, ಸೀಲ್ ಒತ್ತಿ ಕೊಟ್ಟೆ. 2 ರೂಪಾಯಿ ಟೇಬಲ್ ಮೇಲಿಟ್ಟು ಹೋದ.